ಗೇಣೆತ್ತರದ ಪ್ರಸ್ಥಾನ

ನೆಂಟರನ್ನು ಹೆಲಿಕಾಪ್ಟರಿನಲ್ಲಿ ಕೂರಿಸಿಕೊಳ್ಳಬಾರದು. ಇಷ್ಟು ವರ್ಷ ಹಾರಿಸಿ ನಾನು ಕಲಿತದ್ದರಲ್ಲಿ ಇದೊಂದನ್ನು ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ಮಂತ್ರಿಗಳಿಗೆ ಆಗುವುದಿಲ್ಲ ಎನ್ನಬಹುದು, ಸಿನಿಮಾದವರಿಗೂ ಎನ್ನಬಹುದು. ಅವರು ಮುಖ ಊದಿಸಿಕೊಂಡು ಕಾರು ಹತ್ತುತ್ತಾರೆ, ಕಂಪನಿಗೆ ಫೋನು ಮಾಡಿ ಬಯ್ಯುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ನೆಂಟರು ಮರೆಯುವುದಿಲ್ಲ. ಅದರಲ್ಲೂ ತಂಗಿಯನ್ನು ಕೊಟ್ಟ ಮನೆಯವರು ಮರೆಯುವ ಜಾತಿಯೇ ಅಲ್ಲ.

ನನ್ನ ತಂಗಿಯನ್ನು ಕೊಟ್ಟದ್ದು ಹಳೇಬೀಡಿನ ಹೊರಗೆ, ಮಾದಿಹಳ್ಳಿ ರಸ್ತೆಯಲ್ಲಿರುವ ಒಂದು ದೊಡ್ಡ ಮನೆಗೆ. ಅವಳ ಮಾವನಿಗೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ಮನೆಯಲ್ಲೂ ಮಂಡಿಯಲ್ಲೂ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೆಯೇ ಅನ್ನುತ್ತೇನೆ. ನಮ್ಮದು ಬಾಣಾವರ, ಅಪ್ಪ ಇಲ್ಲ, ಅಮ್ಮ ಅಂಗನವಾಡಿ ಟೀಚರು. ಅಷ್ಟು ದೊಡ್ಡ ಮನೆಯವರು ಹೆಣ್ಣು ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದದ್ದು ನಮಗೆ ಆಶ್ಚರ್ಯವಾಗಿತ್ತು. ಆಮೇಲೆ ತಿಳಿಯಿತು, ಅವರಿಗೆ ಬೇಕಾಗಿದ್ದದ್ದು ‘ಸೊಸೆಯ ಅಣ್ಣ ಪೈಲಟ್’ ಎನ್ನುವ ಮಾತು. ಮಂಡಿಗೆ ಬಂದವರಿಗೆಲ್ಲ ಯಜಮಾನರು ಕಾಫಿಯ ಜೊತೆಗೆ ಅದನ್ನೂ ಕೊಡುತ್ತಿದ್ದರು.

ಅವರ ಚಿಕ್ಕ ಮಗನಿಗೆ ಅರೇಹಳ್ಳಿ ಕಡೆಯ ಕಾಫಿ ತೋಟದವರ ಹೆಣ್ಣು ಗೊತ್ತಾಯಿತು. ಶ್ರಾವಣ ಸೋಮವಾರ, ಹೆಣ್ಣಿನ ಮನೆಯಲ್ಲೇ ಮದುವೆ. ಹಳೇಬೀಡಿನಿಂದ ಕಾರಿನಲ್ಲಿ ಹೊರಟರೆ, ಬೇಲೂರಿನಲ್ಲಿ ಇಳಿದು ನಿಧಾನವಾಗಿ ತಿಂಡಿ ತಿಂದು ಹೋದರೂ ಹೊತ್ತಿಗೆ ಮುಂಚೆ ಸೇರಬಹುದಾದ ದಾರಿ. ಆದರೆ ಯಜಮಾನರು ಒಪ್ಪಬೇಕಲ್ಲ.

“ಕಾರಲ್ಲಿ ಯಾರು ಬೇಕಾದ್ರೂ ಬತ್ತಾರೆ ಕಣ್ರೀ ಪೈಲಟ್ರೇ. ತೋಟದೋರು ಅಂತ ಅವ್ರಿಗೆ ಭಾಳ ಐತೆ. ನಮ್ ಹುಡ್ಗ ಮೇಲಿಂದ ಇಳೀಬೇಕು” ಎಂದರು.

ಶ್ರಾವಣದಲ್ಲಿ ಆ ಕಡೆಯ ಆಕಾಶವನ್ನು ನಂಬುವಂತಿಲ್ಲ ಎಂದೆ. ಆಷಾಢ ಕಳೆದದ್ದು ಪಂಚಾಂಗಕ್ಕೆ ಗೊತ್ತು, ಮೋಡಕ್ಕೆ ಗೊತ್ತಿಲ್ಲ ಎಂದೆ. ಅವರು ನಕ್ಕು, ನಮ್ಮ ಕಂಪನಿಗೇ ಫೋನು ಮಾಡಿ, ಇದೇ ಪೈಲಟ್ ಬೇಕು ಎಂದು ಹಟ ಹಿಡಿದು ಗೊತ್ತು ಮಾಡಿಕೊಂಡರು. ನಾನು ಹಿಂದಿನ ಸಂಜೆಯೇ ಹೆಲಿಕಾಪ್ಟರನ್ನು ತಂದು ಅವರ ಕೊಬ್ಬರಿ ಗೋಡೌನಿನ ಪಕ್ಕದ ಬಯಲಿನಲ್ಲಿ ಇಳಿಸಿದೆ. ಅರ್ಧ ಹಳೇಬೀಡು ನೋಡಲು ಬಂದಿತ್ತು. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಯಾರೋ ಕೇಳಿದರು. ಎದುರಿಗೆ ಪುಷ್ಪಗಿರಿ ಗುಡ್ಡವಿತ್ತು. ಅದರ ತುದಿ ಕಂಡರೆ ಹೊರಡುತ್ತೇವೆ, ಕಾಣದಿದ್ದರೆ ಇಲ್ಲ ಎಂದೆ. ಪೈಲಟ್ಟಿನ ಲೆಕ್ಕಾಚಾರ ಅಷ್ಟು ಸಲೀಸಲ್ಲ. ಆದರೆ ನೋಡಲು ಬಂದವರಿಗೆ ಅಷ್ಟು ಸಾಕು ಎನ್ನಿಸಿತು. ಯಜಮಾನರೂ ಅದನ್ನು ಕೇಳಿಸಿಕೊಂಡರು.

ಬೆಳಿಗ್ಗೆ ಎದ್ದು ನೋಡಿದರೆ ಗುಡ್ಡದ ಸೊಂಟದಿಂದ ಮೇಲೆ ಏನೂ ಇರಲಿಲ್ಲ.

ಹೆಂಗಸರು ಯಂತ್ರದ ಸುತ್ತ ರಂಗೋಲಿ ಹಾಕಿ ಮುಗಿಸಿದ್ದರು. ಮೂತಿಗೆ ವಿಭೂತಿ ಬಳಿದಾಗಿತ್ತು, ಕಾಲುಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಬಾಲದ ರೆಕ್ಕೆಗೆ ಯಾರೋ ಸೇವಂತಿಗೆ ಹಾರ ಸುತ್ತಿದ್ದರು. ಅದು ಬಿಚ್ಚಿ ಸಿಕ್ಕಿಕೊಂಡರೆ ಹಾರಕ್ಕೆ ಹಾರ, ಹೆಣಕ್ಕೆ ಹೆಣ ಎಂದು ಕೂಗಾಡಿ ಕಿತ್ತು ಹಾಕಿದೆ. ಮದುವೆ ಮನೆಯಲ್ಲಿ ಹೆಣ ಎಂದದ್ದಕ್ಕೆ ತಂಗಿಯ ಅತ್ತೆ ಕಿವಿ ಮುಚ್ಚಿಕೊಂಡರು.

ಅರೇಹಳ್ಳಿಗೆ ಫೋನು ಮಾಡಿದೆ. ಹೆಣ್ಣಿನ ಚಿಕ್ಕಪ್ಪ ಮಾತಾಡಿದರು. ಅಲ್ಲಿ ಹೇಗಿದೆ ಎಂದರೆ, “ಏನೂ ಇಲ್ಲ ಸಾರ್, ಬರೀ ಮಂಜು, ಮಳೆ ಇಲ್ಲ, ಆರಾಮಾಗಿ ಬನ್ನಿ” ಎಂದರು. ತೋಟದ ಗೇಟು ಮನೆಯಿಂದ ಕಾಣುತ್ತದೆಯೇ ಎಂದು ಕೇಳಿದೆ. “ಗೇಟೆಲ್ಲಿ ಕಾಣುತ್ತೆ ಸಾರ್ ಇಷ್ಟೊತ್ತಿಗೆ!” ಎಂದು ನಕ್ಕರು. ನನ್ನ ಮಟ್ಟಿಗೆ ತೀರ್ಮಾನ ಅಲ್ಲಿಗೆ ಮುಗಿಯಿತು.

ನಮ್ಮದು ನೆಲ ನೋಡಿಕೊಂಡು ಹಾರಿಸುವ ಯಂತ್ರ. ಬೇಲೂರು ದಾಟಿದ ಮೇಲೆ ನೆಲ ಏರುತ್ತ ಹೋಗುತ್ತದೆ, ಮೋಡ ತನ್ನ ಮಟ್ಟದಲ್ಲೇ ಇರುತ್ತದೆ. ನಡುವೆ ಉಳಿಯುವ ಸಂದಿಯಲ್ಲಿ ಸಿಲ್ವರ್ ಮರಗಳು, ಕರೆಂಟಿನ ದೊಡ್ಡ ತಂತಿಗಳು. ತಂತಿಗೆ ಹೆದರಿ ಸ್ವಲ್ಪ ಮೇಲೆ ಹೋದರೆ ಮೋಡದ ಒಳಗೆ. ಒಳಗೆ ಹೊಕ್ಕವನಿಗೆ ಅವನ ಮೈಯೇ ಸುಳ್ಳು ಹೇಳಲು ತೊಡಗುತ್ತದೆ. ನೆಟ್ಟಗೆ ಹೋಗುತ್ತಿದ್ದೇನೆ ಎಂದುಕೊಂಡಿರುತ್ತಾನೆ, ಯಂತ್ರ ವಾಲಿಕೊಂಡು ಕೆಳಗಿಳಿಯುತ್ತಿರುತ್ತದೆ. ನನಗಿಂತ ಚೆನ್ನಾಗಿ ಹಾರಿಸುತ್ತಿದ್ದವರು ಹಾಗೆ ಹೋಗಿದ್ದಾರೆ. ಅವರ ಹೆಂಡತಿಯರಿಗೆ ಫೋನು ಮಾಡುವ ಕೆಲಸ ನನ್ನ ಪಾಲಿಗೆ ಬಂದದ್ದೂ ಇದೆ.

ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ಅವರ ಚಿಂತೆ ಬೇರೆಯೇ ಆಗಿತ್ತು. ಸೋಮವಾರ ಏಳೂವರೆಗೆ ರಾಹುಕಾಲ ಹತ್ತುತ್ತದೆ, ಅದಕ್ಕೆ ಮುಂಚೆ ಗಂಡು ಹೊರಡಬೇಕು. ನಮ್ಮ ಕಡೆ ಇದಕ್ಕೊಂದು ದಾರಿ ಇಟ್ಟುಕೊಂಡಿದ್ದಾರೆ. ಹೊತ್ತಿಗೆ ಸರಿಯಾಗಿ ಹೊರಡಲಾಗದಿದ್ದರೆ ಒಂದು ಚೀಲವನ್ನೋ ತೆಂಗಿನಕಾಯಿಯನ್ನೋ ಒಳ್ಳೆಯ ಗಳಿಗೆಯಲ್ಲಿ ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಾರೆ. ಅದಕ್ಕೆ ಪ್ರಸ್ಥಾನ ಎಂದು ಹೆಸರು. ಇಟ್ಟರೆ ಪ್ರಯಾಣ ಶುರುವಾದ ಹಾಗೆ. ಇಟ್ಟ ಮೇಲೆ ಹಿಂದಕ್ಕೆ ತಿರುಗುವಂತಿಲ್ಲ.

“ಒಂದು ಗೇಣು ಎತ್ತಿ ಸಾಕು. ನೆಲ ಬಿಟ್ರೆ ಪ್ರಸ್ಥಾನ ಆಯ್ತು. ಆಮೇಲೆ ನಿಮ್ಮ ಮೋಡಾನ ಎಷ್ಟೊತ್ತಾದ್ರೂ ನೋಡ್ಕೊಳ್ಳಿ” ಎಂದರು.

ಬಯಲು ಚೊಕ್ಕವಾಗಿತ್ತು, ಗಾಳಿ ಇರಲಿಲ್ಲ. ಒಂದು ಗೇಣು ಎತ್ತಿ ಇಳಿಸುವುದು ನಮಗೆ ನೀರು ಕುಡಿದಷ್ಟು ಸುಲಭ. ಎಲ್ಲರೂ ಹತ್ತಿದರು. ಮದುಮಗ ನನ್ನ ಪಕ್ಕದಲ್ಲಿ. ಹಿಂದೆ ಯಜಮಾನರು, ಅವರ ಹೆಂಡತಿ, ದೊಡ್ಡ ಮಗ ಅಂದರೆ ನನ್ನ ಭಾವ, ತೊಡೆಯ ಮೇಲೆ ಕಳಸ ಇಟ್ಟುಕೊಂಡು ನನ್ನ ತಂಗಿ. ಮೈದುನನ ಮದುವೆಗೆ ಅವಳೇ ಕಳಸಗಿತ್ತಿ. ಏಳೂವರೆಗೆ ಸ್ವಲ್ಪ ಮುಂಚೆ ಯಂತ್ರವನ್ನು ಎತ್ತಿದೆ. ರಂಗೋಲಿ ಹಾರಿಹೋಯಿತು, ಚಪ್ಪಾಳೆ ಬಿತ್ತು. ಮೆಲ್ಲಗೆ ಇಳಿಸಿ ಎಂಜಿನ್ ನಿಲ್ಲಿಸಿದೆ.

ಇನ್ನು ಇಳಿಯಿರಿ, ಒಳಗೆ ಹೋಗಿ ಕೂತಿರೋಣ ಎಂದೆ. ಯಾರೂ ಕದಲಲಿಲ್ಲ.

“ಇಳಿಯೋದು ಅಂದ್ರೆ? ಹೊರಟಾಯ್ತಲ್ಲ” ಎಂದರು ಯಜಮಾನರು.

ಮಳೆ ಶುರುವಾಯಿತು. ರೇಷ್ಮೆ ಸೀರೆ, ಮಲ್ಲಿಗೆ, ಬೆವರು, ಎಲ್ಲ ಸೇರಿ ಒಳಗೆ ಉಸಿರು ಕಟ್ಟುವಂತಾಯಿತು. ಗಾಜಿನ ಮೇಲೆ ಹಬೆ ಕೂತಿತು. ಗೋಡೌನಿನ ಸೂರಿನ ಕೆಳಗೆ ಕಾರುಗಳು ತಯಾರಾಗಿ ನಿಂತಿದ್ದವು, ಡ್ರೈವರುಗಳು ನಮ್ಮನ್ನೇ ನೋಡುತ್ತಿದ್ದರು. ರಾಹುಕಾಲ ಕಳೆಯಿತು. ಗುಡ್ಡ ಸೊಂಟದಿಂದ ಮೊಣಕಾಲಿಗೆ ಇಳಿದಿತ್ತು.

“ಈಗ ಹೊರಡಿ” ಎಂದರು.

“ಆಗಲ್ಲ.”

“ಹೋಗಿ ನೋಡಾಣ, ಆಗ್ದಿದ್ರೆ ವಾಪಸ್ ಬರಾಣ.”

ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೋಗಿ ನೋಡುತ್ತೇನೆ ಎಂದು ಹೋದವರು ಯಾರೂ ಸಾಯಲು ಹೋದವರಲ್ಲ. ಇನ್ನೊಂದು ತೋಟ, ಇನ್ನೊಂದು ತಿರುವು ಎಂದುಕೊಂಡು ಹೋದವರು. ಇಲ್ಲಂತೂ ಒಂದು ಗೇಣು ಹೊರಟದ್ದಕ್ಕೇ ಬಾಗಿಲು ತೆಗೆದು ಇಳಿಯಲಾರದ ಜನ. ಬೇಲೂರಿನ ಮೇಲೆ ಹೋಗಿ ನಾನು ಮೂತಿ ತಿರುಗಿಸಿದರೆ ಇವರು ನನ್ನ ಕೈ ಹಿಡಿದು ತಡೆಯುತ್ತಾರೆ. ಬೇಡ ಎನ್ನುವುದಾದರೆ ನೆಲದ ಮೇಲೆಯೇ ಎನ್ನಬೇಕು. ನೀವು ವಾಪಸ್ ಬರುವ ಜನ ಅಲ್ಲ ಯಜಮಾನರೇ, ಅದಕ್ಕೇ ಹೊರಡುವುದಿಲ್ಲ ಎಂದು ಮುಖದ ಮೇಲೆ ಹೇಳಿದೆ.

ಅಲ್ಲಿಯವರೆಗಿದ್ದ ಮರ್ಯಾದೆ ಅಲ್ಲಿಗೆ ಮುಗಿಯಿತು. “ನೋಡ್ಲಾ, ನೀನು ನಾಳೆ ಬೆಂಗ್ಳೂರಿಗೆ ಹೋಯ್ತೀಯ. ನಿನ್ ತಂಗಿ ನಮ್ಮನೇಲಿ ಇರ್ತಾಳೆ. ತಿಳ್ಕೊಂಡು ಮಾತಾಡು” ಎಂದರು. ತಂಗಿ ಅಲ್ಲೇ, ಅವರ ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು. ಭಾವ ಕಿಟಕಿಯ ಹಬೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದ. ಆ ಮನುಷ್ಯ ಇಡೀ ಬಾಳಿನಲ್ಲಿ ಮಾಡಿದ ದೊಡ್ಡ ಕೆಲಸ ಅದೇ ಇರಬೇಕು.

ಯೋಚನೆ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಕಡೆ ಆರು ಜೀವ, ಇನ್ನೊಂದು ಕಡೆ ತಂಗಿಯ ಮುಂದಿನ ದಿನಗಳು. ಅವಳು ಎರಡೂ ಕಡೆ ಇದ್ದಳು. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ. ಇವತ್ತು ಯಾರಾದರೂ ಹಾಗೆ ಹೊರಡು ಎಂದರೂ ಅದನ್ನೇ ಮಾಡುತ್ತೇನೆ.

ಮುಹೂರ್ತ ಹತ್ತಿರವಾಯಿತು, ಇನ್ನು ಕಾರೇ ಗತಿ. ಆದರೆ ಇಳಿಯುವವರು ಯಾರು? ಮೊದಲು ಕಾಲು ಕೆಳಗಿಟ್ಟವರು ಪ್ರಸ್ಥಾನ ಮುರಿದ ಹಾಗೆ, ಅದರ ಕೆಡುಕು ಅವರ ತಲೆಗೆ. ಯಜಮಾನರು ಸೊಸೆಯ ಕಡೆ ತಿರುಗಿ, “ನಿಮ್ಮಣ್ಣ ಮಾಡಿದ್ದು ತಾನೇ? ನೀನೇ ಇಳಿಯಮ್ಮ ಮೊದ್ಲು” ಎಂದರು.

ನಾನು ಇಳಿಯುತ್ತೇನೆ ಎಂದು ಬಾಗಿಲಿಗೆ ಕೈ ಹಾಕಿದೆ. “ಡ್ರೈವರ್ ಇಳಿದ್ರೆ ಲೆಕ್ಕ ಇಲ್ಲ, ಕೂತ್ಕೊ” ಎಂದರು. ತಂಗಿ ಯಾರ ಮುಖವನ್ನೂ ನೋಡಲಿಲ್ಲ. ಕಳಸವನ್ನು ಎದೆಗೆ ಒತ್ತಿಕೊಂಡು ಮಳೆಯೊಳಗೆ ಕಾಲಿಟ್ಟಳು, ಕೆಸರಿನಲ್ಲಿ ಪಾದ ಹೂತುಕೊಂಡಿತು. ಅವಳ ಹಿಂದೆ ಉಳಿದವರು ನೆಮ್ಮದಿಯಾಗಿ, ಕೊಡೆ ತರಿಸಿಕೊಂಡು ಇಳಿದರು.

ಮದುವೆ ಹೊತ್ತಿಗೆ ಸರಿಯಾಗಿ ಆಯಿತು. ಯಾವುದೂ ಕೆಡಲಿಲ್ಲ. ಊಟದ ಹೊತ್ತಿಗೆ ಆಕಾಶ ಬಿಚ್ಚಿಕೊಂಡು ಅರೇಹಳ್ಳಿಯ ತುಂಬ ಬಿಸಿಲು ಬಿತ್ತಂತೆ. ಎಲೆಯ ಮುಂದೆ ಕೂತವರೆಲ್ಲ ಒಮ್ಮೆ ಮೇಲೆ, ಒಮ್ಮೆ ನನ್ನ ತಂಗಿಯ ಕಡೆ ನೋಡಿದರಂತೆ. ಬೀಳದ ಹೆಲಿಕಾಪ್ಟರಿಗೆ ಸಾಕ್ಷಿ ಎಲ್ಲಿಂದ ತರುವುದು? ಬಿದ್ದಿದ್ದರೆ ನನ್ನ ಮಾತು ನಿಜ ಎಂದು ಎಲ್ಲರೂ ಒಪ್ಪುತ್ತಿದ್ದರು, ಒಪ್ಪಲು ಅವರಲ್ಲಿ ಯಾರೂ ಉಳಿದಿರುತ್ತಿರಲಿಲ್ಲ ಅಷ್ಟೇ.

ಆಮೇಲೆ ಆ ಮನೆಯಲ್ಲಿ ಹಾಲು ಒಡೆದರೂ ಅವಳ ಕಾಲಿನಿಂದಲೇ ಒಡೆಯಿತು. ಹೊಸ ಸೊಸೆಗೆ ಬಸಿರು ಇಳಿದುಹೋದಾಗ ಅತ್ತೆ ಇವಳನ್ನು ಅಡುಗೆಮನೆಯಿಂದ ಆಚೆ ಕೂರಿಸಿದರು. ಯಜಮಾನರು ಬೇರೆ ಒಂದು ಆಟ ಕಟ್ಟಿದ್ದರು. ಅವಳು ಬಾಣಾವರಕ್ಕೆ ಹೋಗಿಬರುತ್ತೇನೆ ಎಂದಾಗಲೆಲ್ಲ, “ತಾರಸಿ ಮೇಲೆ ಹೋಗಿ ನೋಡಮ್ಮ, ಪುಷ್ಪಗಿರಿ ತುದಿ ಕಾಣ್ತಾ ಐತಾ ಅಂತ” ಎನ್ನುತ್ತಿದ್ದರು. ಕಾಣದಿದ್ದರೆ, “ಬ್ಯಾಡ ಬ್ಯಾಡ, ಅಪಾಯ. ನಿಮ್ಮಣ್ಣನೇ ಹೇಳವ್ನೆ” ಎನ್ನುತ್ತಿದ್ದರು. ಮನೆಯವರೆಲ್ಲ ನಗುತ್ತಿದ್ದರು. ಬಸ್ಸಿನಲ್ಲಿ ಹೋಗುವವಳಿಗೆ ನನ್ನ ಹೆಲಿಕಾಪ್ಟರಿನ ರೂಲು. ಮಳೆಗಾಲ ಪೂರ್ತಿ ಅವಳು ತಾರಸಿ ಹತ್ತಿ ಇಳಿಯುವುದೇ ಆಯಿತು. ನಾನು ಹೋಗಿ ಜಗಳ ಆಡಿದೆ. ಜಗಳ ಆಡಿದ ಪ್ರತಿಸಲವೂ ಗುಡ್ಡ ಇನ್ನಷ್ಟು ದಿನ ಕಾಣಿಸಲಿಲ್ಲ.

ಇನ್ನೊಂದು ಮಳೆಗಾಲದಲ್ಲಿ ಅಮ್ಮನಿಗೆ ಎದೆ ನೋವು ಬಂತು. ಅರಸೀಕೆರೆಯ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಮನೆಗೆ ಕಳಿಸಿದರು. ಮಗಳನ್ನು ಕರೆಸು ಎಂದಳು ಅಮ್ಮ. ನಾನು ಫೋನು ಮಾಡಿದೆ. ತಂಗಿ ಚೀಲ ಕಟ್ಟಿಕೊಂಡು ನಡುಮನೆಗೆ ಬಂದಳು. ಯಜಮಾನರು ಪೇಪರಿನಿಂದ ತಲೆ ಎತ್ತದೆ ತಾರಸಿಯ ಕಡೆ ಬೆರಳು ತೋರಿಸಿದರು. ಕಾರು ತೆಗೆದುಕೊಂಡು ನಾನೇ ಹೋದೆ. ಗೇಟಿಗೆ ಬೀಗ, ಭಾವ ಒಳಗಿನಿಂದಲೇ ನಾಳೆ ಕಳಿಸುತ್ತೇವೆ ಎಂದ. ಗೇಟು ಹಿಡಿದು ಅಲ್ಲಾಡಿಸುತ್ತಿರುವಾಗಲೇ ಬಾಣಾವರದಿಂದ ಫೋನು ಬಂತು. ಸತ್ತ ಸುದ್ದಿ ಕೇಳಿದ ಮೇಲೆ ಬೀಗ ತೆಗೆದರು. ಅಷ್ಟೊತ್ತಿಗೂ ಗುಡ್ಡ ಕಾಣುತ್ತಿರಲಿಲ್ಲ, ಆದರೆ ಸಾವಿಗೆ ಕಳಿಸದಿದ್ದರೆ ಜನ ಆಡಿಕೊಳ್ಳುತ್ತಾರಲ್ಲ.

ಅಮ್ಮನ ಶಿವಗಣಾರಾಧನೆಯ ದಿನ ಯಜಮಾನರೂ ಬಂದಿದ್ದರು, ಬಿಳಿ ಪಂಚೆ, ಬಿಳಿ ಶಲ್ಯ. ಪಂಕ್ತಿಯಲ್ಲಿ ಮುಂದೆ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡರು. ತಂಗಿ ಹಿತ್ತಿಲಿನಲ್ಲಿ ಬಾಳೆಲೆ ತೊಳೆಯುತ್ತಿದ್ದಳು. ಅವಳ ಮಗಳು ಪಕ್ಕದಲ್ಲಿ ನೀರಿಗೆ ಕೈ ಆಡಿಸುತ್ತ ಕೂತಿತ್ತು. ನಾನು ಹತ್ತಿರ ಹೋಗಿ, ಸಾಕು, ಇನ್ನು ಅಲ್ಲಿಗೆ ಹೋಗಬೇಡ, ಮಗುವನ್ನು ಕರೆದುಕೊಂಡು ಇಲ್ಲೇ ಇರು ಎಂದೆ.

“ಮಗೂನ ಕೊಡಲ್ವಂತೆ. ಕೇಳಾಯ್ತು” ಎಂದಳು. ಎಲೆಯೊಂದನ್ನು ತೊಳೆದು ನೀರು ಕೊಡವಿ ಇಟ್ಟಳು. “ಅಣ್ಣ, ಅವತ್ತು ಹೊರಟಿದ್ರೆ ಬಿದ್ದೇ ಬೀಳ್ತಿದ್ವಾ?”

ನನ್ನ ತೀರ್ಮಾನ ಸರಿಯಾಗಿತ್ತು ಎಂದು ಅವಳಾದರೂ ಹೇಳಲಿ ಎಂದು ಎಷ್ಟು ದಿನದಿಂದ ಕಾದಿದ್ದೆನೋ. “ಬೀಳ್ತಿದ್ವಿ. ಅನುಮಾನವೇ ಇಲ್ಲ” ಎಂದೆ.

“ಎಲ್ರೂ ಹೋಗ್ತಿದ್ವಾ?”

“ಎಲ್ರೂ.”

ಎಲ್ಲರೂ ಎಂದರೆ ನಾನೂ ಸೇರಿ. ಅದು ಅವಳಿಗೆ ಗೊತ್ತಿತ್ತು. ಮಗಳ ಕೈಯನ್ನು ನೀರಿನಿಂದ ತೆಗೆದು ಸೆರಗಿನಲ್ಲಿ ಒರೆಸುತ್ತ ಕೇಳಿದಳು: “ಇವಳೊಬ್ಳು ಅವತ್ತು ಇಲ್ಲಿ ಅಮ್ಮನ ಹತ್ರ ಇದ್ಲು, ಅಲ್ವಾ?”

ಹೌದು ಎಂದೆ. ಆಗ ಇನ್ನೂ ತೆವಳುವ ಕೂಸು. ಮದುವೆಯ ಗಲಾಟೆಯಲ್ಲಿ ನೆಗಡಿ ಹತ್ತೀತು ಎಂದು ಅಮ್ಮ ಇಟ್ಟುಕೊಂಡಿದ್ದಳು. ತಂಗಿ ತಲೆಯಾಡಿಸಿದಳು. ಎಲೆ ಸಾಲದು ಎಂದು ಒಳಗಿನಿಂದ ಯಾರೋ ಕೂಗಿದರು. ಅವಳು ತೊಳೆದ ಎಲೆಗಳನ್ನು ಎತ್ತಿಕೊಂಡು ಒಳಗೆ ಹೋದಳು.