ಒಬ್ಬ ಡಾಕ್ಟರರ ಕಾಗದ ಇನ್ನೊಬ್ಬರಿಗೆ ತೋರಿಸದ ಅಕ್ಕೋರು

ಮಾತಾಡುವಾಗ ಅಕ್ಕೋರ ಎಡಗೈಯ ಎರಡು ಬೆರಳು ಗಂಟಲ ಕೆಳಗಿನ ಗುಳಿಯಲ್ಲಿ ಇರುತ್ತಿದ್ದವು. ಕೊನೆಯ ವರ್ಷಗಳಲ್ಲಿ ಅಲ್ಲಿಯ ಚರ್ಮ ಬೆರಳು ತಿಕ್ಕಿ ತಿಕ್ಕಿ ಕಪ್ಪಾಗಿತ್ತು. ಸೆರಗು ಜಾರದಂತೆ ಹಿಡಿಯುವ ರೂಢಿ ಎಂದು ಓಣಿಯವರೆಲ್ಲ ತಿಳಿದಿದ್ದೆವು. ಒಳಗಿನಿಂದ ಏನೋ ಒತ್ತುತ್ತಿದೆ ಎಂದು ಅವರು ಯಾರಿಗೂ ಹೇಳಿರಲಿಲ್ಲ.

ನಮ್ಮೂರ ಕನ್ನಡ ಶಾಲೆಯಲ್ಲಿ ಅವರು ನನಗೆ ಮೂರನೇ, ನಾಲ್ಕನೇ ಇಯತ್ತೆ ಕಲಿಸಿದರು. ನಾನೀಗ ಪಂಚಾಯತಿಯ ವಾಚನಾಲಯ ನೋಡಿಕೊಳ್ಳುತ್ತೇನೆ. ಅವರ ಮನೆ ನಮ್ಮ ಮನೆಯ ಎದುರಿಗೇ. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹೀಗಾಗಿ ನಿವೃತ್ತಿಯ ನಂತರ ಅವರ ಜೊತೆ ದವಾಖಾನೆಗೆ ಓಡಾಡಿದವಳು ನಾನು.

ಚಿಕ್ಕವಳಿದ್ದಾಗ ನನಗೆ ಭಾಗಾಕಾರ ಬರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ತಿಂಗಳು ತಮ್ಮ ಕಟ್ಟೆಯ ಮೇಲೆ ಕೂಡಿಸಿಕೊಂಡು, ಶೇಂಗಾ ಹರವಿ ಕಲಿಸಿದರು. ಭಾಗಿಸಿ ಉಳಿದ ಶೇಂಗಾ ನನಗೆ. ಶೇಷ ಹೆಚ್ಚು ಬರುವ ಲೆಕ್ಕವನ್ನೇ ನಾನು ಕೇಳುತ್ತೇನೆ ಎಂಬುದು ಎರಡೇ ದಿನದಲ್ಲಿ ಅವರಿಗೆ ತಿಳಿಯಿತು. ನಕ್ಕರು, ಆದರೆ ಆಟ ನಿಲ್ಲಿಸಲಿಲ್ಲ.

ಅವರು ಸಹಿಸದ ಒಂದೇ ಸಂಗತಿ ಕಾಪಿ ಹೊಡೆಯುವುದು. ಪರೀಕ್ಷೆಯ ದಿನ ಇಬ್ಬರು ಮಕ್ಕಳ ನಡುವೆ ಪಾಟಿಚೀಲ ನಿಲ್ಲಿಸುತ್ತಿದ್ದರು. ಒಮ್ಮೆ ನಾನೂ ಬಾಜೂ ಕೂತ ಹುಡುಗಿಯೂ ಒಂದೇ ತಪ್ಪು ಉತ್ತರ ಬರೆದಿದ್ದೆವು. ಇಬ್ಬರಿಗೂ ಸೊನ್ನೆ ಹಾಕಿ, "ತಪ್ಪು ಬರಿ, ಬ್ಯಾಡ ಅನ್ನಂಗಿಲ್ಲ. ಆದ್ರ ತಪ್ಪು ನಿಂದ ಇರಬೇಕು," ಎಂದರು. ಈ ಮಾತನ್ನು ನಾನು ಬಹಳ ವರ್ಷ ಹೆಮ್ಮೆಯಿಂದ ಬೇರೆಯವರಿಗೆ ಹೇಳಿದ್ದೇನೆ. ಈಗ ಹೇಳುವುದಿಲ್ಲ.

ಐದು ವರ್ಷದ ಹಿಂದೆ ಬಸ್ಸಿನಲ್ಲಿ ಮುಗ್ಗರಿಸಿ ಅವರ ಎದೆಗೆ ಕಂಬಿ ಬಡಿಯಿತು. ನವಲಗುಂದದಲ್ಲಿ ಎಕ್ಸರೇ ತೆಗೆದರು. ಎಲುಬಿಗೆ ಏನೂ ಆಗಿರಲಿಲ್ಲ, ಆದರೆ ಹೃದಯದ ಮಗ್ಗುಲಲ್ಲಿ ಒಂದು ನೆರಳು ಕಂಡಿತು. ಟಿ.ಬಿ. ಇರಬಹುದೆಂದು ಕಫ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಎದೆಯ ನಡುವಿನ ಎಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿ ಇರುತ್ತದೆ, ಮಕ್ಕಳಲ್ಲಿ ದೊಡ್ಡದಿದ್ದು ವಯಸ್ಸಾದಂತೆ ಕರಗುತ್ತದೆ ಎಂದು ಅಲ್ಲಿಯ ಡಾಕ್ಟರು ತಿಳಿಸಿ ಹೇಳಿದರು. ಅದರಲ್ಲಿ ನೀರು ತುಂಬಿದ ಒಂದು ಚೀಲ ಆಗಿದೆ, ಇದು ಬಹಳ ಅಪರೂಪ, ಕ್ಯಾನ್ಸರಿನಂತೆ ಕಾಣುವುದಿಲ್ಲ. ಆರು ತಿಂಗಳಿಗೆ ಇದೇ ಫಿಲ್ಮ್ ತೆಗೆದುಕೊಂಡು ಬನ್ನಿ, ಇನ್ನೊಂದು ತೆಗೆದು ಎರಡನ್ನೂ ಜೋಡಿಸಿ ನೋಡೋಣ. ಇದ್ದಷ್ಟೇ ಇದ್ದರೆ ಬಿಡೋಣ, ಬೆಳೆದಿದ್ದರೆ ತೆಗೆಯೋಣ. ಇಷ್ಟೇ ಅವರು ಹೇಳಿದ್ದು. ನಾನೂ ಕೇಳಿಸಿಕೊಂಡೆ, ಅಕ್ಕೋರೂ ಕೇಳಿಸಿಕೊಂಡರು.

ಆರು ತಿಂಗಳಿಗೆ ಅವರು ಹೊರಟಿದ್ದು ಧಾರವಾಡಕ್ಕೆ, ಬೇರೆ ಡಾಕ್ಟರರ ಹತ್ತಿರ. ಹಳೆಯ ಫಿಲ್ಮ್ ಟ್ರಂಕಿನಲ್ಲೇ ಉಳಿಯಿತು. ಯಾಕೆಂದು ಕೇಳಿದೆ.

"ಅದನ್ನ ತೋರಿಸಿದ್ರ ಇವನೂ ಅದನ್ನ ನೋಡೇ ಬರೀತಾನ. ತನಗೇನ್ ತಿಳಿತದೋ ಅದನ್ನ ಹೇಳ್ಲಿ."

ಆ ಡಾಕ್ಟರಿಗೆ ಅದು ಹೊಸದಾಗಿ ಕಂಡ ಚೀಲ. ಹೊಸ ಸ್ಕ್ಯಾನ್ ಮಾಡಿಸಿದರು, ಸದ್ಯಕ್ಕೆ ಹೆದರಿಕೆ ಇಲ್ಲ, ಆರು ತಿಂಗಳು ಬಿಟ್ಟು ನೋಡೋಣ ಎಂದರು. ಮತ್ತೊಂದು ವರ್ಷ ಕಳೆದು ಹೋಗಿದ್ದು ಗದಗಿಗೆ. ಅಲ್ಲಿಯ ಡಾಕ್ಟರು ಮೊದಲು ಎಲ್ಲಾದರೂ ತೋರಿಸಿದ್ದೀರಾ ಎಂದು ಕೇಳಿದರು. ಅಕ್ಕೋರು ಸುಳ್ಳು ಹೇಳುವವರಲ್ಲ. "ನೀವು ಮೊದ್ಲ ನೋಡ್ರಿ, ಆಮ್ಯಾಲ ಹೇಳ್ತೀನಿ," ಎಂದರು. ಅವರೂ ಸ್ಕ್ಯಾನ್ ಮಾಡಿಸಿ, ಕಾದು ನೋಡೋಣ ಎಂದರು; ಹೊರಗೆ ಜನ ಕಾಯುತ್ತಿದ್ದರು. ಆಮೇಲೆ ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಅಕ್ಕೋರಿಗೆ ಗೊತ್ತಿಲ್ಲದಂತೆ ನಾನು ಹಳೆಯ ಫಿಲ್ಮ್‌ಗಳನ್ನು ಚೀಲದಲ್ಲಿ ಒಯ್ದಿದ್ದೆ. ಕೈ ಹಾಕಿದೆ. "ಒಳಗ ಇಡು," ಎಂದರು, ತರಗತಿಯಲ್ಲಿ ಅನ್ನುತ್ತಿದ್ದ ಅದೇ ಧ್ವನಿಯಲ್ಲಿ. ಇಬ್ಬರು ಮಕ್ಕಳ ತಾಯಿ ನಾನು. ಕೈ ತಾನೇ ಹಿಂದೆ ಬಂತು.

ಬಸ್ಸಿನಲ್ಲಿ ಮೂರೂ ವರದಿ ತೆರೆದು ನೋಡಿದೆ. ಮೊದಲು ನಾಲ್ಕು ಸೆಂಟಿಮೀಟರಿಗೆ ತುಸು ಕಡಿಮೆ, ಧಾರವಾಡದಲ್ಲಿ ಐದರ ಹತ್ತಿರ, ಈಗ ಆರೂವರೆ.

"ಅಕ್ಕೋರ, ಬೆಳದೈತ್ರಿ ಇದು. ಹೊಳ್ಳಿ ಹೋಗಿ ಆ ಡಾಕ್ಟರಿಗೆ ಎಲ್ಲಾ ತೋರಿಸಿ ಬರೂಣು."

"ಮೂರು ಊರಿನ ಮೂರು ಮಶಿನ್. ಮೂರು ಮಂದಿ ಮಾಸ್ತರು ಒಂದ ಪೇಪರಿಗೆ ಒಂದ ಮಾರ್ಕ್ಸ್ ಕೊಡ್ತಾರನು?"

ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಹನ್ನೊಂದು ದಿನ ಮಾತಾಡಲಿಲ್ಲ. ಹನ್ನೆರಡನೇ ದಿನ ಒಂದು ಬಟ್ಟಲು ಸಿಹಿ ಮಾದಲಿ ಕಳಿಸಿದರು. ಮುನಿಸು ಮುಗಿಯಿತಲ್ಲ ಎಂಬ ಸಂತೋಷದಲ್ಲಿ ಮಾದಲಿ ತಿಂದೆ.

ಹೋದ ವರ್ಷ ಅವರ ಧ್ವನಿ ಒಡೆಯಿತು. ಅಂಗಾತ ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ನಿದ್ದೆ ಮಾಡತೊಡಗಿದರು. ಜ್ವರ ಬಂದ ದಿನ ನಾನು ಕೇಳದೆಯೇ ಟ್ರಂಕು ತೆರೆದು ಎಲ್ಲ ಫಿಲ್ಮ್ ಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿಗೆ ಕರೆದೊಯ್ದೆ. ಆಪರೇಷನ್ ಮಾಡುವ ಡಾಕ್ಟರು ಹಳೆಯ ಮೂರು, ಹೊಸದೊಂದು, ನಾಲ್ಕನ್ನೂ ಬೆಳಕಿನ ಹಲಗೆಗೆ ಸಾಲಾಗಿ ಸಿಕ್ಕಿಸಿದರು. ಲಿಂಬೆಹಣ್ಣಿನಷ್ಟಿದ್ದದ್ದು ಚಂಬಿನಷ್ಟಾಗಿತ್ತು. ಅದಕ್ಕೆ ಓದಿದ ಕಣ್ಣೂ ಬೇಕಿರಲಿಲ್ಲ.

"ಇವನ್ನ ಯಾರೂ ಜೋಡಿಸಿ ನೋಡ್ಲೇ ಇಲ್ಲೇನ್ರಿ?" ಎಂದರು ಅವರು. ನಾನು ಅಕ್ಕೋರ ಮುಖ ನೋಡಲಿಲ್ಲ.

ಚೀಲದೊಳಗೆ ರಕ್ತ ಸೋರಿ ಕೀವಾಗಿತ್ತು, ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು. ಎರಡು ವರ್ಷದ ಹಿಂದೆ ಬಂದಿದ್ದರೆ ಪಕ್ಕೆಯಲ್ಲಿ ಸಣ್ಣ ತೂತು ಮಾಡಿ ಇಡಿಯಾಗಿ ತೆಗೆದು, ನಾಲ್ಕೈದು ದಿನಕ್ಕೆ ಮನೆಗೆ ಕಳಿಸಬಹುದಿತ್ತಂತೆ. ಈಗ ಎದೆ ತೆರೆಯಬೇಕಾಯಿತು. ರಕ್ತ ಬಹಳ ಹೋಯಿತು. ನಾಲ್ಕನೇ ದಿನ ಅಕ್ಕೋರು ತೀರಿಕೊಂಡರು. ತೆಗೆದ ಚೀಲದ ಪರೀಕ್ಷೆಯ ವರದಿ ಅವರ ದಿನಕರ್ಮ ಮುಗಿದ ಮೇಲೆ ಬಂತು. ಕ್ಯಾನ್ಸರ್ ಅಲ್ಲ, ಬರೀ ನೀರಿನ ಚೀಲ ಎಂದಿತ್ತು.

ಮನೆಗೆ ಬಂದ ಹಳೆಯ ವಿದ್ಯಾರ್ಥಿಗಳು ಅವರ ನಿಷ್ಠೆಯನ್ನು ಹೊಗಳಿದರು. ನಾನು ಒಳಗೆ ಹೋಗಿ ಚಹಾದ ಪಾತ್ರೆ ತೊಳೆದೆ. ಹೊಗಳಲು ನನಗೆ ಅವರೆಲ್ಲರಿಗಿಂತ ಹೆಚ್ಚು ಕಾರಣವಿತ್ತು. ಆಗಲಿಲ್ಲ.

ಆಪರೇಷನ್ನಿಗೆ ಒಯ್ಯುವ ಮೊದಲು ನಾನು ಮಂಚದ ಬಾಜೂ ಕೂತಿದ್ದೆ. ಅವರಿಗೆ ಧ್ವನಿ ಇರಲಿಲ್ಲ, ಬರೀ ಉಸಿರಿನಲ್ಲಿ ಮಾತಾಡುತ್ತಿದ್ದರು.

"ಖರೆ ಹೇಳು. ನಾ ಮಾಡಿದ್ದು ತಪ್ಪಾತನು?"

ಆ ಹೊತ್ತಿನಲ್ಲಿ ಯಾರಾದರೂ ಇಲ್ಲ ಎನ್ನುತ್ತಾರೆ. ನನ್ನ ಬಾಯಲ್ಲಿ ವರ್ಷಗಟ್ಟಲೆಯ ಸಿಟ್ಟಿತ್ತು.

"ಹೌದ್ರಿ ಅಕ್ಕೋರ."

ಅವರಿಗೆ ಬೇಸರವಾದಂತೆ ಕಾಣಲಿಲ್ಲ.

"ನಿನಗ ಗದಗಿನಾಗ ತಿಳಿದಿತ್ತಲ್ಲ. ಮತ್ತ ಯಾಕ ಸುಮ್ಮನಾದಿ?"

ಬಸ್ಸಿನಲ್ಲಿ ಹೇಳಿದ್ದೆನಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸ್ ಬಂದು ಮಂಚ ತಳ್ಳಿದಳು. ಹೇಳಿದ್ದು ನಿಜ. ಒಂದು ಸಲ ಹೇಳಿದ್ದೆ.