ಹವಾಲ್ದಾರರಿಗೆ ಪುಕ್ಕಟೆ ಬಡ್ತಿ

ನಮ್ಮ ಚಿತ್ತಾಪುರದ ಸೀಮೆಯಲ್ಲಿ ಯಾವ ಮನುಷ್ಯನನ್ನೂ ಅವನ ನಿಜವಾದ ಹುದ್ದೆಯಿಂದ ಕರೆಯುವಷ್ಟು ಒರಟುತನ ಯಾರಲ್ಲೂ ಇಲ್ಲ. ದವಾಖಾನೆಯ ಕಂಪೌಂಡರ್ ಇಲ್ಲಿ ಡಾಕ್ಟರ್ ಸಾಬ್, ಪೊಲೀಸ್ ಪೇದೆ ಫೌಜದಾರ್ ಸಾಬ್, ಶಾಲೆಯಲ್ಲಿ ಗಂಟೆ ಬಾರಿಸುವವರು ಮಾಸ್ತರು. ಸರಕಾರ ವರ್ಷಾನುಗಟ್ಟಲೆ ಸತಾಯಿಸಿ ದಯಪಾಲಿಸುವ ಬಡ್ತಿಯನ್ನು ನಮ್ಮವರು ಒಂದು ಶರಣಾರ್ಥಿಯ ಜೊತೆಗೆ ಪುಕ್ಕಟೆಯಾಗಿ ಕೊಟ್ಟುಬಿಡುತ್ತಾರೆ. ಕೋರ್ಟಿನಲ್ಲಿ ನಕಲು ಗುಮಾಸ್ತನಾಗಿದ್ದ ನನ್ನನ್ನು ಗುಂಡಗುರ್ತಿಯ ಕಕ್ಷಿದಾರರು ಮುನ್ಸಿಫ್ ಸಾಬ್ ಎಂದೇ ಕರೆಯುತ್ತಿದ್ದರು; ನಾನೂ ಕತ್ತನ್ನು ತುಸು ಬಾಗಿಸಿ ಆ ನ್ಯಾಯಪೀಠವನ್ನು ಸ್ವೀಕರಿಸುತ್ತಿದ್ದೆ. ನಗಬೇಡಿ. ನಿಮ್ಮನ್ನೂ ಯಾರಾದರೂ ಹಾಗೆ ಕರೆಯಲಿ, ಆಮೇಲೆ ನೋಡೋಣ.

ಈ ಔದಾರ್ಯ ಮುಗ್ಗರಿಸುವುದು ಮಿಲಿಟರಿಯವರ ಎದುರಿನಲ್ಲಿ. ತಲೆಯ ಮೇಲೆ ಟ್ರಂಕು ಹೊತ್ತು ವಾಡಿ ಸ್ಟೇಷನ್ನಿನಲ್ಲಿ ಇಳಿದವನು ಸಿಪಾಯಿಯೋ ಸೇನಾಪತಿಯೋ ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ; ಇಳಿದವರೆಲ್ಲ ಕ್ಯಾಪ್ಟನ್ನರೇ. ಕೊಡ್ಲಿ ಊರಿನ ಹುಡುಗನೊಬ್ಬ ನೌಕಾದಳ ಸೇರಿ ಮೊದಲ ರಜೆಗೆ ಬಂದಾಗ ಅವನನ್ನೂ ಕ್ಯಾಪ್ಟನ್ ಮಾಡಿದರು. ನೌಕಾದಳದ ಕ್ಯಾಪ್ಟನ್ ಎಂದರೆ ಭೂಸೇನೆಯ ಕರ್ನಲ್ಲನಿಗೆ ಸಮವಂತೆ. ಹೀಗಾಗಿ ಜಾಲಿಗಿಡಗಳ ನಡುವಿನ ಆ ಊರು ಡೆಕ್ ತೊಳೆಯುವ ಹುಡುಗನನ್ನು ಒಂದೇ ಏಟಿಗೆ ಎಲ್ಲರ ತಲೆಯ ಮೇಲೆ ಕೂರಿಸಿತು. ಪಾಪ, ರಜೆ ಮುಗಿಯುವತನಕ ಅವನು ಮನೆ ಬಿಟ್ಟು ಹೊರಗೆ ಬರಲಿಲ್ಲ.

ನಾನು ಶಾಂತಾಳನ್ನು ನೋಡದೇ ಇದ್ದಿದ್ದರೆ ಇದೆಲ್ಲ ತಮಾಷೆಯಾಗಿಯೇ ಉಳಿಯುತ್ತಿತ್ತು. ರಾಜ್ಯವೇ ಮೈಸೂರಿನಿಂದ ಕರ್ನಾಟಕಕ್ಕೆ ಬಡ್ತಿ ಪಡೆದ ಹೊಸತು. ವಾಡಿಯ ಶಾಂತಾ ನಮ್ಮೂರಿನ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದು, ದಿನವೂ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಿಂದ ಇಳಿಯುತ್ತಿದ್ದಳು. ಸ್ಟೇಷನ್ನಿನಲ್ಲಿ ನನಗೇನೂ ಕೆಲಸವಿರಲಿಲ್ಲ. ಆದರೆ ಕೋರ್ಟಿಗೆ ಹೋಗುವ ದಾರಿ ಅದೇ ಎಂದು ನನ್ನ ಕಾಲುಗಳು ನಂಬಿದ್ದವು. ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿದೆ. ಅಪ್ಪನಿಲ್ಲದ ನನಗೆ ಹಿರಿಯರಾಗಿದ್ದ ಬಸಣ್ಣ ಕಾಕಾ ಒಂದು ಭಾನುವಾರ ಹೊಸ ರುಮಾಲು ಸುತ್ತಿಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು ಹೆಣ್ಣು ಕೇಳಲು ವಾಡಿಗೆ ಹೊರಟರು.

ಶಾಂತಾಳ ತಂದೆ ಸಿದ್ರಾಮಪ್ಪನವರು ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು, ಆಗ ಸಿಮೆಂಟ್ ಕಾರ್ಖಾನೆಯ ಗೇಟು ಕಾಯುತ್ತಿದ್ದರು. ಕಾಕಾ ಹೊಸ್ತಿಲಲ್ಲೇ ಕೈ ಜೋಡಿಸಿ, “ಶರಣ್ರೀ ಕ್ಯಾಪ್ಟನ್ ಸಾಬ್!” ಎಂದರು.

“ಕ್ಯಾಪ್ಟನ್ ಇಲ್ಲಿ ಯಾರೂ ಇಲ್ರಿ. ನಾ ಹವಾಲ್ದಾರ್. ಬರ್ರಿ, ಕುಂದ್ರಿ.”

ಕಾಕಾಗೆ ಹವಾಲ್ದಾರ್ ಎಂದರೆ ಸಂತೆಯಲ್ಲಿ ಲಾಠಿ ಆಡಿಸುತ್ತ ದನ ಅಟ್ಟುವ ಪೊಲೀಸಿನವನೇ. ಬೀಗನಾಗುವವನನ್ನು ಹಾಗೆ ಕರೆಯಲು ಅವರ ನಾಲಿಗೆ ಸುತರಾಂ ಒಪ್ಪಲಿಲ್ಲ. ಇದು ದೊಡ್ಡವರ ವಿನಯವೆಂದು ಬಗೆದು, ಅವರ ಮಾತಿಗೂ ಬೆಲೆ ಕೊಟ್ಟಂತಾಗಲೆಂದು ಕೆಲವು ಮೆಟ್ಟಿಲಷ್ಟೇ ಇಳಿದರು. “ತಪ್ಪಾತ್ರಿ ಸುಬೇದಾರ್ ಸಾಬ್!”

ಒಳಬಾಗಿಲಲ್ಲಿ ನಿಂತಿದ್ದ ಶಾಂತಾ ತಲೆ ತಗ್ಗಿಸಿ ಸರಿದುಹೋದಳು. ಸಿದ್ರಾಮಪ್ಪನವರ ದವಡೆ ಬಿಗಿಯಿತು. ಎಲ್ಲೋ ಎಡವಟ್ಟಾಗಿದೆ ಎಂದು ಅರಿತ ಕಾಕಾ, ರಜೆಯ ಮೇಲೆ ಬಂದಿದ್ದ ಅವರ ತಮ್ಮನ ಕಡೆ ತಿರುಗಿ, “ಪೈಲಟ್ ಸಾಬ್, ನೀವರ ಹೇಳ್ರಲಾ” ಎಂದು ಅಂಗಲಾಚಿದರು. ಆತ ವಾಯುಸೇನೆಯಲ್ಲಿ ಸಾರ್ಜೆಂಟ್, ನೆಲದ ಮೇಲೆಯೇ ಕುಳಿತು ರೇಡಿಯೋ ರಿಪೇರಿ ಮಾಡುವವನು.

ಸಿದ್ರಾಮಪ್ಪನವರು ಎದ್ದು ನಿಂತರು. “ಚಾ ಕುಡ್ದು ಹೋಗಿ ಬರ್ರಿ. ಇದ್ದ ಮನಷಾನ್ನ ಬಿಟ್ಟು ಇಲ್ಲದ ಮನಷಾನ ಸಂಗಟ ಬೀಗಸ್ತನ ಮಾಡ್ಲಿಕ್ಕ ಬಂದೀರಿ ನೀವು.”

ನಮ್ಮನ್ನು ಸ್ಟೇಷನ್ನಿಗೆ ಮುಟ್ಟಿಸಲು ಬಂದ ಸಾರ್ಜೆಂಟ್ ದಾರಿಯಲ್ಲಿ ವಿಷಯ ಬಿಡಿಸಿ ಹೇಳಿದ. ಸೈನ್ಯದಲ್ಲಿ ಸಿಪಾಯಿ, ನಾಯಕ್, ಹವಾಲ್ದಾರ್ ಇವರನ್ನು ಅವರವರ ಪದವಿ ಹಿಡಿದೇ ಕರೆಯಬೇಕು, ಅದರಲ್ಲಿ ಅವಮಾನವಿಲ್ಲ. ವಾಯುಸೇನೆಯ ಕಾರ್ಪೊರಲ್, ಸಾರ್ಜೆಂಟರಿಗೂ ಅದೇ ರೀತಿ. ಹವಾಲ್ದಾರ್ ಮೇಲೇರಿ ನಾಯಬ್ ಸುಬೇದಾರ್ ಆದ ದಿನದಿಂದ ದೊಡ್ಡ ಆಫೀಸರರೂ ಅವನನ್ನು ‘ಸಾಬ್’ ಎನ್ನುತ್ತಾರೆ. ನಾವು ಬಸ್ ಕಂಡಕ್ಟರನಿಗೆ ಎಸೆಯುವ ಆ ಒಂದೂವರೆ ಅಕ್ಷರಕ್ಕಾಗಿ ಅಲ್ಲಿ ಗಂಡಸರು ಹಿಮದಲ್ಲಿ ಕೂದಲು ನೆರೆಸಿಕೊಳ್ಳುತ್ತಾರೆ.

“ನಮ್ಮಣ್ಣಗ ಆ ಬಡ್ತಿ ಬಂದಿತ್ರಿ,” ಎಂದ ಸಾರ್ಜೆಂಟ್. “ಅಷ್ಟರಾಗ ವೈನಿ, ಶಾಂತಾನ ಅವ್ವ, ತೀರಿಕೊಂಡ್ರು. ಶಾಂತಾ ಸಣ್ಣಕಿ. ಮಗಳನ್ನ ಯಾರ ಮನ್ಯಾಗೂ ಬಿಡಂಗಿಲ್ಲ ಅಂತ ಎಲ್ಲಾ ಬಿಟ್ಟು ಬಂದುಬಿಟ್ಟ. ಈಗ ಯಾರರ ಸುಬೇದಾರ್ ಸಾಬ್ ಅಂದ್ರ, ಅಪ್ಪನ ಸಾಬಗಿರಿ ನಾನೇ ನುಂಗಿದೆ ಅಂತ ಆಕಿ ಒಳಗೊಳಗೇ ಕುದೀತಾಳ.”

ಕಾಕಾ ಮಾತ್ರ ಗಾಡಿ ಹತ್ತಿದ ಮೇಲೆ, “ಮಾನ ಕೊಟ್ರೂ ತಪ್ಪೇನಲೇ? ಇನ್ನ ಆ ಮನಿ ಕಡಿ ತಲಿ ಹಾಕಿ ಮಲಗಬ್ಯಾಡ!” ಎಂದು ಗುಡುಗಿ ರುಮಾಲು ಬಿಚ್ಚಿ ಗಾಳಿ ಬೀಸಿಕೊಂಡರು. ನಿಜಕ್ಕೂ ಅವರಿಗೂ ನೋವಾಗಿತ್ತು. ಕೈಲಿದ್ದ ಮರ್ಯಾದೆಯನ್ನೆಲ್ಲ ಸುರಿದು ಬೈಸಿಕೊಂಡವರ ಸಂಕಟ ಸಣ್ಣದಲ್ಲ.

ಮುಂದಿನ ಭಾನುವಾರ ಕಾಕಾನ ಕಣ್ಣು ತಪ್ಪಿಸಿ ಒಬ್ಬನೇ ಹೋದೆ. ‘ಹವಾಲ್ದಾರ್, ಹವಾಲ್ದಾರ್’ ಎಂದು ದಾರಿಯುದ್ದಕ್ಕೂ ಗೊಣಗಿದ್ದಕ್ಕೆ ಎದುರಿನ ಸೀಟಿನ ಮುದುಕಿ ತನ್ನ ಗಂಟನ್ನು ಹತ್ತಿರ ಎಳೆದುಕೊಂಡಳು. ಹುಟ್ಟಿದಂದಿನಿಂದ ಬಡ್ತಿ ಹಂಚಿಯೇ ಪಳಗಿದ ನಾಲಿಗೆಗೆ ಇದ್ದದ್ದನ್ನು ಇದ್ದಷ್ಟೇ ಹೇಳುವುದು ಎಂಥ ತಪಸ್ಸೆಂದು ಆಗ ತಿಳಿಯಿತು.

“ಶರಣ್ರೀ, ಹವಾಲ್ದಾರ್ರೇ.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿದರು. “ಬರ್ರಿ. ನಿಮಗೇನಂತ ಕರೀಬೇಕು?”

ಗಂಟಲಿಗೆ ಬಂದ ಮುನ್ಸಿಫರನ್ನು ನುಂಗಿಕೊಂಡು, “ನಕಲು ಗುಮಾಸ್ತ್ರಿ,” ಎಂದೆ.

“ಕುಂದ್ರಿ, ಗುಮಾಸ್ತರೆ.”

ಕೂಡುವಷ್ಟರಲ್ಲಿ ಶಾಂತಾ ಹೊರಗೆ ಬಂದಳು. ನೆಲ ನೋಡಲಿಲ್ಲ, ಸೆರಗು ತಿರುವಲಿಲ್ಲ. ತಪ್ಪು ಹೇಳಿದ ಮಗ್ಗಿಯನ್ನು ಮತ್ತೆ ಕೇಳುವ ಟೀಚರಿನಂತೆ ನೇರವಾಗಿ ಕೇಳಿದಳು. “ನಮ್ಮಪ್ಪ ಸುಬೇದಾರ್ ಆಗಿಲ್ಲಂತ ನಿಮಗ ಕಡಿಮಿ ಅನಸ್ತದೇನ್ರಿ? ಖರೇ ಹೇಳ್ರಿ.”

ಎಷ್ಟೋ ಚಂದದ ಮಾತುಗಳನ್ನು ಕಟ್ಟಿಕೊಂಡು ಹೋಗಿದ್ದೆ. ತ್ಯಾಗ, ವಾತ್ಸಲ್ಯ, ಪಿತೃಹೃದಯ ಎಲ್ಲವೂ ಇದ್ದವು. ಒಂದೂ ನೆನಪಾಗದೆ ಒಳಗಿದ್ದ ಹಸಿ ಸ್ವಾರ್ಥವೇ ಹೊರಬಿತ್ತು. “ಅನಸಂಗಿಲ್ರಿ. ಅವರು ಸುಬೇದಾರ್ ಆಗಿದ್ರ ನಿಮ್ಮನ್ನ ಯಾವ ಊರಾಗರ ಬಿಟ್ಟಿರ್ತಿದ್ರು. ಚಿತ್ತಾಪುರದಾಗ ಗಾಡಿಯಿಂದ ಯಾರು ಇಳೀತಿದ್ರು? ಅವರು ಆಗಲಿಲ್ಲಂತ ನನಗ ಭಾಳ ಖುಷಿ ಅದರಿ.”

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಒಬ್ಬ ಯೋಧನ ಜೀವಮಾನದ ನಷ್ಟವನ್ನು ಅವನ ಮನೆಯಲ್ಲೇ ಕೂತು ಸಂಭ್ರಮಿಸಿದ ಅಧಿಕಪ್ರಸಂಗಿಯನ್ನು ಕತ್ತು ಹಿಡಿದು ನೂಕಬೇಕಾಗಿತ್ತು. ಸಿದ್ರಾಮಪ್ಪನವರು ಮಗಳ ಮುಖವನ್ನೇ ನೋಡುತ್ತ ನಿಂತರು. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

“ಕೇಳಿದ್ಯಾ ಅವ್ವಾ?” ಎಂದರು ಅವರು ಮಗಳಿಗೆ. “ನನಗೂ ಅಂದಿನಿಂದ ಇದೇ ಖುಷಿ. ಹೇಳ್ಲಿಕ್ಕೆ ಬರಲಿಲ್ಲ ನೋಡು.” ಆಮೇಲೆ ನನ್ನ ಕಡೆ ತಿರುಗಿ ಗದರಿದರು. “ಏಯ್, ಬಾಯಿ ತಕ್ಕೊಂಡು ಏನ್ ನೋಡ್ಲಿಕತ್ತೀ? ಏಳು, ಕೈಕಾಲು ತೊಳ್ಕೊಂಡು ಊಟಕ್ಕ ಕುಂದ್ರು.”

ಬರ್ರಿ ಹೋಯಿತು, ಕುಂದ್ರಿ ಹೋಯಿತು, ಗುಮಾಸ್ತಗಿರಿಯೂ ಹೋಯಿತು. ಅಷ್ಟು ಕೆಳಗಿನ ದರ್ಜೆಗೆ ಇಳಿದು ಅಷ್ಟು ಸುಖಪಟ್ಟದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.