ಅತಿಥಿ ಇಲ್ಲದ ಆತಿಥೇಯ ಮನೆ

ಅಥವಾ ಆ ಸ್ಕೀ ಹುಡುಗಿ ನಮ್ಮ ಮನೆಗೆ ಬಂದ ದಿನ ಹಿಮವೇ ಬಿದ್ದಿರಲಿಲ್ಲವೇನೋ. ನನ್ನ ನೆನಪಿನಲ್ಲಿ ಧಾರಾಳವಾಗಿ ಬಿದ್ದಿದೆ. ಅವಳ ಉಣ್ಣೆ ಟೋಪಿಯ ಮೇಲೆ, ಸ್ಕೀ ತುಂಬಿದ್ದ ಉದ್ದನೆಯ ಚೀಲದ ಮೇಲೆ, ನಮ್ಮ ಗೇಟಿನ ಮೇಲೆ. ಅವತ್ತು ಬಿಸಿಲಿತ್ತು, ನೀನು ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದೆ ಎನ್ನುತ್ತಾರೆ ನನ್ನ ಗಂಡ. ಬಟ್ಟೆ ಒಣಹಾಕಿದ್ದು ನನಗೂ ನೆನಪಿದೆ. ಎರಡೂ ಒಂದೇ ದಿನ ಆಗಿರಲಾರದು. ಚಳಿಗಾಲದ ಕ್ರೀಡಾ ಉತ್ಸವ ಎಂದ ಮೇಲೆ ಹಿಮ ಇರಲೇಬೇಕು ಎಂದು ನನ್ನ ತಲೆಯೇ ತಂದು ಸುರಿದಿರಬೇಕು.

ಖಚಿತವಾಗಿ ಗೊತ್ತಿರುವುದು ಇಷ್ಟು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಬೆಟ್ಟಗಳ ಬುಡದಲ್ಲಿರುವ ನಮ್ಮ ನಗರ ಆ ಆಗಸ್ಟಿನಲ್ಲಿ, ಇಲ್ಲಿನ ಚಳಿಗಾಲದಲ್ಲಿ, ಹತ್ತು ದಿನಗಳ ಉತ್ಸವ ನಡೆಸಿತು. ಹೋಟೆಲುಗಳು ಸಾಲದೆ, ಆಟಗಾರರನ್ನು ಮನೆಯಲ್ಲಿ ಇಟ್ಟುಕೊಳ್ಳಬಲ್ಲವರು ಹೆಸರು ಕೊಡಿ ಎಂದು ಸಮಿತಿಯವರು ಕೇಳಿದರು. ನಾನು ಅದೇ ದಿನ ಕೊಟ್ಟೆ.

ಓದಲು ಹುಬ್ಬಳ್ಳಿಯಿಂದ ಬಂದವಳು ನಾನು. ಈಗ ಹನ್ನೆರಡು ವರ್ಷಗಳಿಂದ ಇಲ್ಲಿನ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಈ ಊರಿನಲ್ಲಿ ಯಾರಿಗೆ ಬಿಪಿ, ಯಾರಿಗೆ ನಿದ್ದೆ ಬರುವುದಿಲ್ಲ, ಎಲ್ಲ ನನಗೆ ಗೊತ್ತು. ಆದರೂ ಮಾತ್ರೆಯ ಪೊಟ್ಟಣ ತೆಗೆದುಕೊಳ್ಳುತ್ತ ಯಾರೋ ಒಬ್ಬರು, ಬಹಳ ಪ್ರೀತಿಯಿಂದಲೇ, ‘ನಿಮ್ಮ ಊರಿಗೆ ವಾಪಸ್ ಯಾವಾಗ?’ ಎಂದು ಕೇಳುತ್ತಾರೆ. ಹನ್ನೆರಡು ವರ್ಷದ ಅತಿಥಿ. ಇನ್ನೊಬ್ಬರಿಗೆ ನಾನು ಬಾಗಿಲು ತೆರೆದರೆ, ಹತ್ತು ದಿನವಾದರೂ ಈ ಊರಿನ ಮನೆಯವಳು ನಾನು. ನನಗೆ ಬೇಕಾಗಿದ್ದದ್ದು ಅದೊಂದೇ. ಸಮಿತಿ ಹಳದಿ ಬೋರ್ಡು ಕಳಿಸಿತು, ‘ಆತಿಥೇಯ ಮನೆ’ ಎಂದು ಇಂಗ್ಲಿಷಿನಲ್ಲಿ ಬರೆದದ್ದು. ಗಂಡ ಅದನ್ನು ತಂತಿಯಲ್ಲಿ ಗೇಟಿಗೆ ಕಟ್ಟಿದರು.

ಬಂದವಳು ಹತ್ತೊಂಬತ್ತರ ಹುಡುಗಿ, ಯುರೋಪಿನ ಯಾವುದೋ ಚಳಿಯ ದೇಶದವಳು. ಅಲ್ಲಲ್ಲಿ ನೆಟ್ಟ ಕಂಬಗಳ ನಡುವೆ ಸ್ಕೀ ಮೇಲೆ ಹಾವಿನಂತೆ ಹೊರಳುತ್ತ ಬೆಟ್ಟ ಇಳಿಯುವ ಓಟ ಅವಳದು. ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಎಂದು ಬರೆದ ಹಾಳೆಯನ್ನೂ ತಂದಿದ್ದಳು. ಅದನ್ನು ಫ್ರಿಜ್ಜಿಗೆ ಅಂಟಿಸಿದೆ. ಓಟದ ಹಿಂದಿನ ಸಂಜೆ ಹಾಳೆಯಲ್ಲಿದ್ದಂತೆ ಅವಳಿಗೆ ಪಾಸ್ತಾ ಬೇಯಿಸಿ ಕೊಟ್ಟೆ. ತಿಂದಳು. ಆಮೇಲೆ ನಮ್ಮ ತಟ್ಟೆಗಳತ್ತ ನೋಡಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಇದೇನು ಎಂದು ಕೇಳಿದಳು. ಕೇಳಿದ್ದು ಅವಳೇ, ಇದರಲ್ಲಿ ನನಗೆ ಅನುಮಾನವಿಲ್ಲ. ಅಥವಾ ಅನುಮಾನ ಇಟ್ಟುಕೊಳ್ಳಲು ಇಷ್ಟವಿಲ್ಲ.

ಒಂದು ರೊಟ್ಟಿ ಕೊಟ್ಟೆ. ಮುಗಿಸಿದಳು. ಇನ್ನೊಂದು ಹಿಡಿದೆ. ‘ನೋ, ಥ್ಯಾಂಕ್ಯೂ’ ಎಂದು ನಕ್ಕಳು. ನಾನು ಹಾಕಿದೆ.

ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ ‘ಸಾಕ್ರಿ’ ಅನ್ನುವುದು ಮರ್ಯಾದೆಗೆ. ಎರಡನೆಯದು ಸಂಕೋಚಕ್ಕೆ. ನಿಜವಾಗಿ ಬೇಡವಾದಾಗ ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದು ಮೈಯನ್ನೇ ಬಗ್ಗಿಸುತ್ತಾರೆ. ಬಡಿಸುವವಳು ಅದಕ್ಕೂ ಮೊದಲೇ ನಿಲ್ಲಿಸಿದರೆ ಅವಳ ಕೈ ಗಿಡ್ಡ, ಜಿಪುಣಿ ಎಂದು ಅರ್ಥ. ಆ ಹುಡುಗಿಗೆ ಕೈ ಅಡ್ಡ ಹಿಡಿಯುವುದು ಗೊತ್ತಿರಲಿಲ್ಲ. ಹಾಕಿದ್ದನ್ನು ತಿನ್ನುವುದಷ್ಟೇ ಗೊತ್ತಿತ್ತು.

ಒಂಬತ್ತು ವರ್ಷದ ನನ್ನ ಮಗಳು, ಕನ್ನಡ ಎಲ್ಲ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ‘ಮಮ್, ಶೀ ಸೆಡ್ ನೋ!’ ಎಂದಳು.

‘ನೀ ಸುಮ್ನಿರು, ನಿನ್ನ ತಟ್ಯಾಗಿಂದು ಮುಗ್ಸು ಮೊದ್ಲ.’

‘ಹಾಕು ಹಾಕು, ನಾಳೆ ಗುಡ್ಡಾ ಇಳಿಯೂ ಹುಡುಗಿ,’ ಎಂದರು ಗಂಡ.

ಎಷ್ಟು ಹಾಕಿದೆ? ನನ್ನ ಲೆಕ್ಕ ಮೂರು. ಮಗಳ ಲೆಕ್ಕ ಐದು. ಮಗಳು ನನ್ನ ಮೇಲೆ ಸಿಟ್ಟಿದ್ದಾಗ ಆರು.

ಮರುದಿನ ಬೆಟ್ಟದ ಮೇಲೆ ಬೇಲಿಗೆ ಒತ್ತಿ ನಿಂತು ಕೂಗಿದೆವು. ಅರ್ಧ ದಾರಿಯಲ್ಲಿ ಅವಳು ಒಂದು ಕಂಬದ ಹೊರಗೆ ಜಾರಿ ಬಿದ್ದಳು. ಪೆಟ್ಟಾಗಲಿಲ್ಲ. ಎದ್ದು, ಹಿಮ ಕೊಡವಿಕೊಂಡು, ಬದಿಯಿಂದ ಇಳಿದುಹೋದಳು. ಕಂಬ ತಪ್ಪಿದರೆ ಓಟ ಅಲ್ಲಿಗೇ ಮುಗಿಯಿತು.

ಅಂದೇ ಮಧ್ಯಾಹ್ನ ಸಮಿತಿಯ ಹೆಂಗಸು ಫೋನ್ ಮಾಡಿದಳು. ಬೆಟ್ಟಕ್ಕೆ ಹತ್ತಿರದ ಮನೆಯಲ್ಲಿ ಹುಡುಗಿಗೆ ಅನುಕೂಲ, ನಿಮ್ಮ ಹೆಸರನ್ನು ಆತಿಥೇಯರ ಪಟ್ಟಿಯಿಂದ ತೆಗೆಯುತ್ತೇವೆ, ಬೋರ್ಡನ್ನು ಆಫೀಸಿಗೆ ತಂದುಕೊಡಿ. ಆಮೇಲೆ, ಸಮಾಧಾನಕ್ಕೆಂದು: ‘ಶನಿವಾರ ಬಹುಸಂಸ್ಕೃತಿ ಸಂಜೆ ಇದೆ. ಸೀರೆ ಉಟ್ಟು ಬನ್ನಿ. ನಿಮ್ಮ ಸಮೋಸಾ ತನ್ನಿ.’

ನಾನು ಸಮೋಸಾ ಮಾಡುವುದಿಲ್ಲ.

ಗಂಡ ಫೋನಿನ ಪಕ್ಕದಲ್ಲೇ ನಿಂತಿದ್ದರು. ‘ಏ, ಬಿಡು. ಯಾಕ ತಕರಾರು? ಬೋರ್ಡು ನಾ ಕೊಟ್ಟು ಬರ್ತೀನಿ.’

‘ಮುಟ್ಟಿ ನೋಡ್ರಿ ಅದನ್ನ,’ ಎಂದೆ.

ಆಫೀಸಿಗೆ ಬರಿಗೈಯಲ್ಲಿ ಹೋದೆ. ಅಂಗಡಿಯ ಬಿಳಿ ಕೋಟಿನಲ್ಲೇ. ಅಲ್ಲಿ ನಡೆದದ್ದನ್ನು ನಾನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ, ಪ್ರತಿ ಸಲ ನನ್ನ ಇಂಗ್ಲಿಷ್ ಸುಧಾರಿಸುತ್ತ ಬಂದಿದೆ. ಆದರೆ ಹೇಳಿದ್ದರ ತಿರುಳು ಇದು. ಬೇಡ ಎಂದ ಮೇಲೂ ಬಡಿಸಿದ್ದು ನನ್ನ ತಪ್ಪು, ಅದನ್ನು ನಾನೇ ಹೇಳುತ್ತಿದ್ದೇನೆ. ಆ ಕಾರಣಕ್ಕೆ ತೆಗೆಯುವುದಾದರೆ ಹಾಗೆಂದೇ ಬರೆದುಕೊಡಿ. ದೂರದ ನೆಪ ಬೇಡ. ನಮ್ಮ ಬೀದಿಯಲ್ಲೇ ಇನ್ನೂ ಎರಡು ಮನೆಗಳಿಗೆ ಹಳದಿ ಬೋರ್ಡಿದೆ, ಅವು ಬೆಟ್ಟಕ್ಕೆ ನಮಗಿಂತ ದೂರ.

‘ಯಾರೂ ನಿಮ್ಮನ್ನು ದೂರುತ್ತಿಲ್ಲ,’ ಎಂದಳು ಆಕೆ.

‘ಹಾಗಾದರೆ ಹೆಸರು ಇರಲಿ.’

‘ಬೇರೆ ಯಾರನ್ನೂ ಕಳಿಸಲು ಈಗ ಆಗುವುದಿಲ್ಲ.’

‘ಕಳಿಸಿ ಎಂದು ನಾನು ಕೇಳಲಿಲ್ಲ. ಹೆಸರು ಇರಲಿ.’

ಅವಳು ನನ್ನನ್ನೇ ನೋಡಿದಳು. ನಾನು ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಬೇಸತ್ತೋ, ಅರ್ಥವಾಗಿಯೋ, ಹೆಸರು ಉಳಿಸಿದಳು.

ಉಳಿದ ಎಂಟೋ ಒಂಬತ್ತೋ ದಿನ ಖಾಲಿ ಕೋಣೆಯ ಮನೆಗೆ ಬೋರ್ಡು ಹಾಗೇ ಇತ್ತು. ಪಕ್ಕದ ಮನೆಯ ಮುದುಕ, ‘ನಿಮ್ಮ ಸ್ಕೀ ಹುಡುಗಿ ಹೋದಳಂತೆ?’ ಎಂದು ಬೇಲಿಯಾಚೆಯಿಂದ ಕೇಳಿದ. ‘ಹೋದಳು. ಮನೆ ಇಲ್ಲೇ ಇದೆ,’ ಎಂದೆ. ಶನಿವಾರ ನಾನು ಸೀರೆ ಉಡಲಿಲ್ಲ. ಜೀನ್ಸು, ದಪ್ಪ ಜಾಕೆಟ್ಟು ಹಾಕಿಕೊಂಡು ಬೆಟ್ಟಕ್ಕೆ ಹೋಗಿ, ಎಲ್ಲರ ಜೊತೆ ಬೇಲಿಗೆ ಒತ್ತಿ, ಯಾವ್ಯಾವ ದೇಶದವರಿಗೋ ಗಂಟಲು ಕಟ್ಟುವಷ್ಟು ಕೂಗಿದೆ. ಅವಮಾನ ನುಂಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿತ್ತು. ನಮ್ಮ ಊರಿನ ಹಬ್ಬ.

ಆದರೆ ಒಂದು ಇದೆ. ಹುಡುಗಿ ತನ್ನ ಚೀಲ ಒಯ್ಯಲು ಬಂದಾಗ ನಾನು ಅಂಗಡಿಯಲ್ಲಿದ್ದೆ. ‘ಆಂಟಿಗೆ ಥ್ಯಾಂಕ್ಸ್ ಹೇಳ್ರಿ ಅಂದ್ಲು,’ ಎಂದು ಗಂಡ ತಿಳಿಸಿದರು. ಆಂಟಿ ಎನ್ನುವುದನ್ನು ಅವಳಿಗೆ ಯಾರು ಕಲಿಸಿದರು? ನಮ್ಮ ಮನೆಯವರು ಜಗಳ ತಪ್ಪಿಸಲು ಇಂಥ ಮಾತು ಹುಟ್ಟಿಸಬಲ್ಲವರು. ಸಮಿತಿಯ ಹೆಂಗಸನ್ನು ನಾನು ಎಲ್ಲ ಕೇಳಿದೆ, ಮನೆ ಬದಲಿಸಲು ಹೇಳಿದ್ದು ಯಾರು ಎಂಬುದೊಂದನ್ನು ಕೇಳಲಿಲ್ಲ. ಕೇಳಿದ್ದರೆ ಆ ಕುರ್ಚಿಯಲ್ಲಿ ಅಷ್ಟು ಗಟ್ಟಿಯಾಗಿ ಕೂರಲು ಆಗುತ್ತಿರಲಿಲ್ಲವೇನೋ. ನಮ್ಮ ಮನೆ ಬೇಡ ಎಂದು ಆ ಹುಡುಗಿಯೇ ಹೇಳಿದಳೋ, ಅವಳ ಪರವಾಗಿ ಬೇರೆ ಯಾರೋ ಹೇಳಿದರೋ, ನನಗೆ ಗೊತ್ತಿಲ್ಲ.